ಕಪ್ಪತಗುಡ್ಡದ ಹಳ್ಳದ ಮಣ್ಣಿನಲ್ಲಿ ಎಷ್ಟು ಬಂಗಾರ? ಆವಿಗೇರಿಸಿ ಅಳೆಯುವ ಬಗೆ

ಗದಗ ಜಿಲ್ಲೆಯ ಕಪ್ಪತಗುಡ್ಡದ ಕಡೆ, ಡೋಣಿ, ಸೊರಟೂರ ಸುತ್ತಿನ ಹಳ್ಳಗಳಲ್ಲಿ ಜಾಲಗಾರರು ಮರದ ಮರಿಗೆಯಲ್ಲಿ ಉಸುಕು ತೊಳೆದು ಬಂಗಾರದ ಕಣ ಹೆಕ್ಕುತ್ತಿದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಡಂಬಳ ಗುಡ್ಡಗಳ ಬಂಗಾರದ ಶಿಲೆಗಳ ಬಗ್ಗೆ ವರದಿ ಬರೆದದ್ದು ಇದೇ ನೆಲದ ಮೇಲೆ. ಮರಿಗೆಯ ತಳದಲ್ಲಿ ಹಳದಿ ಕಣ ಕಂಡರೆ ಯಂತ್ರ ಬೇಕಿಲ್ಲ. ಕಣ ಕಾಣದ ಮಣ್ಣಿನಲ್ಲೂ ಟನ್ನಿಗೆ 0.05 ಗ್ರಾಂ ಬಂಗಾರ ಇರಬಹುದು, ಮೇಲ್ಗಡೆ ಎಲ್ಲೋ ಅದಿರಿನ ಎಳೆ ಇದೆ ಎಂದು ಅದೇ ಸುಳಿವು ಕೊಡುತ್ತದೆ. ಅಂಥ ಹತ್ತು ಗ್ರಾಂ ಮಣ್ಣಿನಲ್ಲಿ ಇರುವ ಬಂಗಾರ ಅರ್ಧ ಮೈಕ್ರೋಗ್ರಾಂ. ಅದನ್ನು ಕಳೆಯದೆ ಯಂತ್ರದ ಬೆಳಕಿನ ದಾರಿಗೆ ತಲುಪಿಸುವುದು ಹೇಗೆ ಎಂಬುದು ಈ ಬರಹದ ವಿಷಯ.

ಮಣ್ಣನ್ನು ಅಕ್ವಾ ರೀಜಿಯಾದಲ್ಲಿ (ಹೈಡ್ರೋಕ್ಲೋರಿಕ್, ನೈಟ್ರಿಕ್ ಆಮ್ಲಗಳ ಮಿಶ್ರಣ) ಕರಗಿಸಿ, ಬಂಗಾರವನ್ನು ಬೇರ್ಪಡಿಸಿ, ಆ ದ್ರಾವಣಕ್ಕೆ ಸೋಡಿಯಂ ಬೋರೋಹೈಡ್ರೈಡ್ ಕೂಡಿಸಿದರೆ ಬಂಗಾರದ ಒಂದು ಪಾಲು ಅನಿಲದ ಜೊತೆ ಹಾರುತ್ತದೆ. ಆರ್ಗಾನ್ ಅದನ್ನು ಕಾದ ಕ್ವಾರ್ಟ್ಜ್ ಕೊಳವೆಗೆ ಒಯ್ಯುತ್ತದೆ. ಅಲ್ಲಿ ಬಂಗಾರದ ಪರಮಾಣುಗಳು 242.8 ನ್ಯಾನೊಮೀಟರ್ ಬೆಳಕನ್ನು ಎಷ್ಟು ಹೀರುತ್ತವೆ ಎಂಬುದನ್ನು ಎ.ಎ.ಎಸ್. (ಅಟಾಮಿಕ್ ಅಬ್ಸಾರ್ಪ್ಶನ್ ಸ್ಪೆಕ್ಟ್ರೋಮೀಟರ್) ಯಂತ್ರ ಅಳೆಯುತ್ತದೆ. ಆರ್ಸೆನಿಕ್, ಸೆಲೆನಿಯಂ ಅಳೆಯಲು ಹೈಡ್ರೈಡ್ ಜೋಡಣೆ ಇಟ್ಟುಕೊಂಡ ಪ್ರಯೋಗಾಲಯಕ್ಕೆ ಹೊಸದಾಗಿ ಬೇಕಾದ್ದು ಬಂಗಾರದ ದೀಪ ಮತ್ತು ಒಂದೆರಡು ರಾಸಾಯನಿಕ, ಅಷ್ಟೇ. ಗ್ರಾಫೈಟ್ ಫರ್ನೇಸ್ (ಮಾದರಿಯನ್ನು ಪುಟ್ಟ ಗ್ರಾಫೈಟ್ ಕೊಳವೆಯಲ್ಲಿ ಕಾಸಿ ಅಳೆಯುವ ಜೋಡಣೆ) ಇದ್ದವರು ಶುದ್ಧಗೊಳಿಸಿದ ದ್ರಾವಣವನ್ನು ನೇರ ಅದಕ್ಕೇ ಹಾಕಬಹುದು. ಅವರಿಗೆ ಈ ಸುತ್ತುದಾರಿ ಕಡ್ಡಾಯವಲ್ಲ. ಆದರೆ ಕೆಳಗಿನ ಮೊದಲರ್ಧ, ಅಂದರೆ ಮಾದರಿ ತಯಾರಿ, ಅವರಿಗೂ ಬೇಕು.

ಹಾರುವುದು ಏನು?

ಆರ್ಸೆನಿಕ್ ಆರ್ಸೀನ್ ಎಂಬ ನಿಜವಾದ ಅನಿಲವಾಗುತ್ತದೆ. ಗಾಜಿನ ನಳಿಗೆಯಲ್ಲಿ ಎರಡಡಿ ಓಡಿದರೂ ಕಳೆದುಹೋಗುವುದಿಲ್ಲ. ಬಂಗಾರ ಹಾಗಲ್ಲ. ಬೋರೋಹೈಡ್ರೈಡ್ ಬಂಗಾರವನ್ನು ಕ್ಷಣಾರ್ಧದಲ್ಲಿ ಲೋಹವಾಗಿಸುತ್ತದೆ. ಹಾರುವುದು ಬಹುಪಾಲು ಹತ್ತು ನ್ಯಾನೊಮೀಟರಿನ ಆಸುಪಾಸಿನ, ಅದಕ್ಕೂ ಚಿಕ್ಕ ಲೋಹದ ಕಣಗಳು, ಚಿಮ್ಮುವ ಜಲಜನಕದ ಗುಳ್ಳೆಗಳ ಜೊತೆ. ವಿಕಿರಣಶೀಲ ಬಂಗಾರ ಬಳಸಿ ಲೆಕ್ಕ ಹಾಕಿದವರಿಗೆ ಒಳ್ಳೆಯ ಪರಿಸ್ಥಿತಿಯಲ್ಲೂ ಹತ್ತರಲ್ಲಿ ಸುಮಾರು ಒಂದು ಪಾಲು ಮಾತ್ರ ಹಾರಿದ್ದು ಕಂಡಿತು. ಉಳಿದದ್ದು ದ್ರಾವಣದಲ್ಲಿ, ನಳಿಗೆಯ ಒಳಮೈಯಲ್ಲಿ, ಅನಿಲ ಬೇರ್ಪಡಿಸುವ ಗಾಜಿನ ಗೋಡೆಯಲ್ಲಿ ಉಳಿಯುತ್ತದೆ.

ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಪ್ರತಿ ಸೂಚನೆಯ ಕಾರಣ ತಾನಾಗಿ ಹೊಳೆಯುತ್ತದೆ. ಬಂಗಾರ ಅಂಟಲು ಜಾಗ ಹುಡುಕುತ್ತದೆ: ಸೋಸುವ ಕಾಗದಕ್ಕೆ, ಮಣ್ಣಿನ ಇದ್ದಿಲ ಚೂರಿಗೆ, ಬಾಟಲಿಯ ಗೋಡೆಗೆ, ರಬ್ಬರ್ ನಳಿಗೆಗೆ. ಅದಕ್ಕೆ ಜಾಗ ಕೊಡಬಾರದು, ಹೊತ್ತೂ ಕೊಡಬಾರದು.

ಮಣ್ಣು ತರುವುದು, ಅರೆಯುವುದು

ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಗುಡ್ಡದೊಳಗಿನಿಂದ ಒಂದು ಹಿಡಿ ಮಣ್ಣು ತರಲೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಗುಡ್ಡದ ಹೊರಗೆ ರೈತರ ಹೊಲದಲ್ಲಿ ಹಳ್ಳ ದಾಟುವ ಕಡೆ ಮಾದರಿ ತೆಗೆಯುವುದಾದರೆ ಹೊಲದವರ ಒಪ್ಪಿಗೆ ಕೇಳಿ.

ಹಳ್ಳದಲ್ಲಿ ತಿರುವಿನ ಒಳಮಗ್ಗುಲು, ದೊಡ್ಡ ಬಂಡೆಯ ಹಿಂದುಗಡೆ, ನೀರಿನ ಓಟ ತಗ್ಗಿ ಭಾರದ ಕಪ್ಪು ಉಸುಕು ನಿಲ್ಲುವ ಕಡೆ, ಐದಾರು ಜಾಗದಿಂದ ತೆಗೆದು ಕೂಡಿಸಿ. ಒಟ್ಟು ಎರಡು ಮೂರು ಕಿಲೋ ಬೇಕು. ಒಣಗಿಸಿ 80 ಮೆಶ್ (ಅಂಗುಲಕ್ಕೆ 80 ಕಣ್ಣಿನ) ಜರಡಿ ಹಿಡಿದು ಕೆಳಗೆ ಬಿದ್ದ ನಯ ಭಾಗ ಇಟ್ಟುಕೊಳ್ಳಿ. ಹೊಲದ ಎರಿ ಮಣ್ಣಾದರೆ ಒಣಗಿದಾಗ ಇಟ್ಟಂಗಿಯಂತೆ ಗಟ್ಟಿಯಾಗುತ್ತದೆ. ಪೂರ್ತಿ ಒಣಗುವ ಮೊದಲೇ ಪುಡಿ ಮಾಡಿ, ಆಮೇಲೆ 60 ಡಿಗ್ರಿಯಲ್ಲಿ ಒಣಗಿಸಿ. ಮಸಾರಿ ಮಣ್ಣಿಗೆ ಈ ತೊಂದರೆ ಇಲ್ಲ, ಆದರೆ ಅದರ ಕಬ್ಬಿಣ ಮುಂದೆ ಕಾಡುತ್ತದೆ.

ಕಲ್ಲು ಅಥವಾ ಉಸುಕನ್ನು 200 ಮೆಶ್‌ಗೆ, ಅಂದರೆ 75 ಮೈಕ್ರಾನಿಗೆ ಅರೆಯಬೇಕು. ಇಲ್ಲಿ ಅವಸರ ಮಾಡಿದವರ ಅಂಕಿ ಯಾವತ್ತೂ ನಿಲ್ಲುವುದಿಲ್ಲ. ಬಂಗಾರ ಮಣ್ಣಿನಲ್ಲಿ ಉಪ್ಪಿನಂತೆ ಬೆರೆತಿರುವುದಿಲ್ಲ, ಅಲ್ಲೊಂದು ಇಲ್ಲೊಂದು ಕಣವಾಗಿರುತ್ತದೆ. 50 ಮೈಕ್ರಾನ್ ಅಗಲದ ಒಂದೇ ಉರುಟು ಕಣ ಸುಮಾರು 1.2 ಮೈಕ್ರೋಗ್ರಾಂ ತೂಗುತ್ತದೆ. ಅದು ಹತ್ತು ಗ್ರಾಂ ಮಾದರಿಯೊಳಗೆ ಬಿದ್ದರೆ ಟನ್ನಿಗೆ 0.12 ಗ್ರಾಂ ಎಂದು ಬರುತ್ತದೆ, ಬೀಳದಿದ್ದರೆ ಏನೂ ಬರುವುದಿಲ್ಲ. ಹೀಗಾಗಿ ಒಂದು ಗ್ರಾಂ ತೂಗಿ ಪರೀಕ್ಷೆ ಮಾಡುವುದರಲ್ಲಿ ಅರ್ಥವಿಲ್ಲ. ಕನಿಷ್ಠ ಹತ್ತು ಗ್ರಾಂ, ಅನುಕೂಲವಿದ್ದರೆ 20ರಿಂದ 30 ಗ್ರಾಂ, ಪ್ರತಿ ಮಾದರಿಯನ್ನೂ ಎರಡು ಸಲ ತೂಗಿ. ಎರಡು ಮಾದರಿಗಳ ನಡುವೆ ಅರೆಯುವ ಯಂತ್ರಕ್ಕೆ ಬಂಗಾರವಿಲ್ಲದ ಬೆಣಚುಕಲ್ಲು ಹಾಕಿ ತಿರುಗಿಸಿ. ಮೆದು ಬಂಗಾರ ಉಕ್ಕಿನ ಮೈಗೆ ಬಳಿದುಕೊಂಡಿರುತ್ತದೆ.

ಇನ್ನೊಂದು ಮಾತು. ತೂಗುವವರು, ಅರೆಯುವವರು, ಆಮ್ಲ ಹಾಕುವವರು ಉಂಗುರ ತೆಗೆದಿಟ್ಟು, ಬಳೆ, ಮಾಂಗಲ್ಯದ ಸರ ಒಳಗೆ ಸೇರಿಸಿ, ಕೈಗವಸು, ಮುಚ್ಚಿದ ಕೋಟು ಹಾಕಿಕೊಳ್ಳಬೇಕು. ನಾವು ಅಳೆಯುತ್ತಿರುವುದು ನ್ಯಾನೊಗ್ರಾಂ. ಪತ್ತಾರರು ಅಂಗಡಿಯ ಕಸ ಗುಡಿಸಿ ಮಾರುತ್ತಾರೆ ಎಂದರೆ ಸವೆದು ಉದುರುವ ಬಂಗಾರ ಎಷ್ಟಿರುತ್ತದೆ ಎಂದು ತಿಳಿಯುತ್ತದೆ. ಆಭರಣ ಪರೀಕ್ಷಿಸುವ ಕೋಣೆಯಲ್ಲೇ ಮಣ್ಣಿನ ಪರೀಕ್ಷೆ ಇಟ್ಟುಕೊಳ್ಳಬೇಡಿ, ಗಾಜಿನ ಪಾತ್ರೆಗಳನ್ನೂ ಹಂಚಿಕೊಳ್ಳಬೇಡಿ.

ಹುರಿಯುವುದು, ಕರಗಿಸುವುದು

ಗದಗ ಪಟ್ಟಿಯ ಅದಿರಿನಲ್ಲಿ ಬಂಗಾರದ ಜೊತೆ ಆರ್ಸೆನೊಪೈರೈಟ್ (ಆರ್ಸೆನಿಕ್, ಕಬ್ಬಿಣ ಕೂಡಿದ ಸಲ್ಫೈಡ್, ಅಂದರೆ ಗಂಧಕದ ಖನಿಜ) ಇರುತ್ತದೆ. ಹಾವೇರಿ ಬಳಿಯ ಗಣಜೂರಿನ ನಿಕ್ಷೇಪದಲ್ಲೂ ಸಲ್ಫೈಡ್ ಇದೆ. ಸಲ್ಫೈಡಿನೊಳಗೆ ಅಡಗಿದ ಬಂಗಾರಕ್ಕೆ ಆಮ್ಲ ತಲುಪಬೇಕಾದರೆ ಮೊದಲು ಹುರಿಯಬೇಕು. ತೂಗಿದ ಹತ್ತು ಗ್ರಾಂ ಪುಡಿಯನ್ನು ಪಿಂಗಾಣಿ ತಟ್ಟೆಯಲ್ಲಿ ತೆಳ್ಳಗೆ ಹರಡಿ, ತಣ್ಣಗಿನ ಮಫಲ್ ಒಲೆಯಲ್ಲಿಟ್ಟು, ಬಾಗಿಲು ಬೆರಳಷ್ಟು ತೆರೆದು, ಒಂದು ಗಂಟೆಯಲ್ಲಿ 450 ಡಿಗ್ರಿಗೆ ಏರಿಸಿ. ಅಲ್ಲಿ ಅರ್ಧ ಗಂಟೆ ನಿಲ್ಲಿಸಿ 630–650 ಡಿಗ್ರಿಗೆ ಒಯ್ದು ಒಂದೂವರೆ ಗಂಟೆ ಬಿಡಿ. ಕಾದ ಒಲೆಗೆ ನೇರ ಇಟ್ಟರೆ ಸಲ್ಫೈಡ್ ಕರಗಿ ಗಂಟುಕಟ್ಟಿ, ಬಂಗಾರವನ್ನು ಒಳಗೇ ಮುಚ್ಚಿಬಿಡುತ್ತದೆ. ಇದೇ ಶಾಖ ಎಲೆ, ಬೇರು, ಇದ್ದಿಲ ಚೂರನ್ನೂ ಸುಡುತ್ತದೆ. ಅವು ಉಳಿದರೆ ಕರಗಿದ ಬಂಗಾರವನ್ನು ಮತ್ತೆ ಹೀರಿಕೊಳ್ಳುತ್ತವೆ. ಹೊಗೆಯಲ್ಲಿ ಆರ್ಸೆನಿಕ್ ಆಕ್ಸೈಡ್ ಇರುತ್ತದೆ. ಒಲೆ ಹೊಗೆಗೂಡಿನ ಕೆಳಗೇ ಇರಬೇಕು, ಇದರಲ್ಲಿ ರಾಜಿ ಬೇಡ.

ತಣ್ಣಗಾದ ಪುಡಿಯನ್ನು 250 ಮಿ.ಲೀ. ಶಂಕುಪಾತ್ರೆಗೆ ಹಾಕಿ ಸ್ವಲ್ಪ ನೀರಿನಲ್ಲಿ ನೆನೆಸಿ. ಎರಿ ಮಣ್ಣಿನಲ್ಲಿ ಸುಣ್ಣದ ಹರಳು ಇರುವುದರಿಂದ ಆಮ್ಲ ತಾಗಿದ ಕೂಡಲೇ ಉಕ್ಕುತ್ತದೆ. ಮೊದಲು 30 ಮಿ.ಲೀ. ಹೈಡ್ರೋಕ್ಲೋರಿಕ್ ಆಮ್ಲವನ್ನು ನಿಧಾನ ಬಿಟ್ಟು, ನೊರೆ ಇಳಿದ ಮೇಲೆ 10 ಮಿ.ಲೀ. ನೈಟ್ರಿಕ್ ಆಮ್ಲ ಸೇರಿಸಿ. ಗಾಜಿನ ಬಿಲ್ಲೆ ಮುಚ್ಚಿ ಕುದಿನೀರಿನ ತೊಟ್ಟಿಯಲ್ಲಿ ಎರಡು ಗಂಟೆ, ಆಗಾಗ ಕುಲುಕುತ್ತ ಇಡಿ. ಆಮೇಲೆ ಬಿಲ್ಲೆ ಸರಿಸಿ ಕಂದು ಹೊಗೆ ನಿಲ್ಲುವವರೆಗೆ ಕಾಯಿಸಿ, ಸುಮಾರು 15–20 ಮಿ.ಲೀ. ಉಳಿದಾಗ ಇಳಿಸಿ. ಪೂರ್ತಿ ಒಣಗಿಸಿದರೆ ಬಂಗಾರ ಲೋಹವಾಗಿ ತಳಕ್ಕೆ ಕೂರುತ್ತದೆ. ಅಕ್ವಾ ರೀಜಿಯಾವನ್ನು ಬೇಕಾದಾಗಲೇ ಕೂಡಿಸಿ, ಮುಚ್ಚಳ ಬಿಗಿದ ಬಾಟಲಿಯಲ್ಲಿ ಎಂದೂ ಇಡಬೇಡಿ. ಅನಿಲ ತುಂಬಿ ಒಡೆಯುತ್ತದೆ.

ಬೆಣಚುಕಲ್ಲಿನೊಳಗೆ ಪೂರ್ತಿ ಹುದುಗಿದ ಬಂಗಾರವನ್ನು ಅಕ್ವಾ ರೀಜಿಯಾ ತೆಗೆಯಲಾರದು. ಗಣಿಯ ಲೆಕ್ಕಕ್ಕೆ ಒಟ್ಟು ಬಂಗಾರ ಬೇಕಾದರೆ ಸೀಸದೊಡನೆ ಕರಗಿಸುವ ಫೈರ್ ಅಸ್ಸೇ ಬೇರೆಯೇ ಮಾಡಿಸಬೇಕು. ಹಳ್ಳದ ಮಣ್ಣಿನ ಹುಡುಕಾಟಕ್ಕೆ ಈ ಕರಗಿಸುವಿಕೆ ಸಾಕು.

ಸ್ಪಂಜಿನಲ್ಲಿ ಹಿಡಿಯುವುದು

ಈ ದ್ರಾವಣವನ್ನು ನೇರ ಬೋರೋಹೈಡ್ರೈಡಿಗೆ ಕೊಡಬಾರದು. ಬಂಗಾರದ ಒಂದು ಪಾಲಿಗೆ ಅದರಲ್ಲಿ ಕಬ್ಬಿಣ ಲಕ್ಷಾಂತರ ಪಾಲು ಇದೆ. ತಾಮ್ರ, ನಿಕ್ಕಲ್, ಕೋಬಾಲ್ಟ್ ಇವೆ. ಇವು ಬೋರೋಹೈಡ್ರೈಡನ್ನು ನುಂಗಿ ಕಪ್ಪು ಪುಡಿಯಾಗಿ, ಹೊಸದಾಗಿ ಹುಟ್ಟಿದ ಬಂಗಾರದ ಕಣವನ್ನು ತಮ್ಮ ಮೈಗೆ ಅಂಟಿಸಿಕೊಳ್ಳುತ್ತವೆ. ಉಳಿದ ಆರ್ಸೆನಿಕ್ ಆರ್ಸೀನ್ ಆಗಿ ಹೊರಬರುತ್ತದೆ, ಅದು ಪ್ರಾಣಕ್ಕೆ ಅಪಾಯ.

ಬಂಗಾರವನ್ನು ಹೆಕ್ಕಲು ಪಾಲಿಯೂರಿಥೇನ್ ಸ್ಪಂಜು ಅಗ್ಗ ಮತ್ತು ನಂಬಿಗಸ್ತ. ಪಾಲಿಈಥರ್ ಜಾತಿಯ ಮೆತ್ತನೆ ಬಿಳಿ ಸ್ಪಂಜನ್ನು 0.2–0.3 ಗ್ರಾಂ ತುಂಡುಗಳಾಗಿ ಕತ್ತರಿಸಿ, 10 ಪ್ರತಿಶತ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅರ್ಧ ಗಂಟೆ ಕುದಿಸಿ, ನೀರಿನಲ್ಲಿ ಹಿಂಡಿ ತೊಳೆಯಿರಿ. ಕರಗಿಸಿದ ಮಾದರಿಗೆ ನೀರು ಸೇರಿಸಿ 100 ಮಿ.ಲೀ. ಮಾಡಿ. ಸೋಸಬೇಕಿಲ್ಲ, ಸೆಲ್ಯುಲೋಸ್ ಕಾಗದ ಬಂಗಾರವನ್ನು ಹಿಡಿದುಕೊಳ್ಳುತ್ತದೆ, ಮೇಲಾಗಿ ಎರಿ ಮಣ್ಣಿನ ಜಿಗಟು ಸೋಸುವುದೂ ಇಲ್ಲ. ಶೇಷದ ಜೊತೆಗೇ ಸ್ಪಂಜು ಹಾಕಿ, ಒಳಗಿನ ಗಾಳಿ ಹೋಗುವಂತೆ ಗಾಜಿನ ಕಡ್ಡಿಯಿಂದ ಒತ್ತಿ, 30–40 ನಿಮಿಷ ಕುಲುಕಿ. ಸ್ಪಂಜು ತೆಗೆದು 5 ಪ್ರತಿಶತ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಹಳದಿ ಬಣ್ಣ ಹೋಗುವವರೆಗೆ ಹಿಂಡಿ, ಕೊನೆಗೆ ನೀರಿನಲ್ಲಿ ಹಿಂಡಿ. ಹಳದಿ ಉಳಿದರೆ ಕಬ್ಬಿಣ ಉಳಿದಿದೆ ಎಂದೇ ಅರ್ಥ.

ಹಿಂಡಿದ ಸ್ಪಂಜನ್ನು ಗೀರು ಬೀಳದ ಪಿಂಗಾಣಿ ಬಟ್ಟಲಿನಲ್ಲಿಟ್ಟು, ತಣ್ಣನೆ ಒಲೆಯಿಂದ ಶುರುಮಾಡಿ 650 ಡಿಗ್ರಿಯವರೆಗೆ ಸುಡಿ. ದಿಢೀರ್ ಬೆಂಕಿ ಹತ್ತಿದರೆ ಬೂದಿ ಹಾರಿಹೋಗುತ್ತದೆ. ಬೂದಿಗೆ 25 ಪ್ರತಿಶತ ಪೊಟ್ಯಾಸಿಯಂ ಕ್ಲೋರೈಡಿನ ಎರಡು ಹನಿ, 2 ಮಿ.ಲೀ. ಹೊಸ ಅಕ್ವಾ ರೀಜಿಯಾ ಹಾಕಿ ನೀರಿನ ತೊಟ್ಟಿಯ ಮೇಲೆ ಬಹುತೇಕ ಒಣಗುವವರೆಗೆ ಇಡಿ. ಆ ಎರಡು ಹನಿ ಉಪ್ಪು ಬಂಗಾರವನ್ನು ಕ್ಲೋರೈಡ್ ರೂಪದಲ್ಲೇ ಹಿಡಿದಿಡುತ್ತದೆ. ನಂತರ 5 ಪ್ರತಿಶತ ಅಕ್ವಾ ರೀಜಿಯಾದಲ್ಲಿ ಕರಗಿಸಿ ಸರಿಯಾಗಿ 5 ಮಿ.ಲೀ. ಮಾಡಿ. ಈ ಆಮ್ಲದ ಒಟ್ಟು ಬಲ ಸುಮಾರು 0.65 ಮೋಲಾರ್, ಆವಿಗೇರಿಸಲು ಇದು ಹೊಂದುತ್ತದೆ. ನೈಟ್ರೋಜನ್ ಆಕ್ಸೈಡ್ ಉಳಿದಿದ್ದರೆ ಬೋರೋಹೈಡ್ರೈಡನ್ನು ಕೆಡಿಸುತ್ತದೆ, ಅದಕ್ಕೆ ಸಲ್ಫಾಮಿಕ್ ಆಮ್ಲದ ಚಿಟಿಕೆ ಹಾಕಿ.

ನೀರು 18 ಮೆಗಾಓಮ್ ಡೀಅಯನೈಸ್ಡ್ ಇರಲಿ. ಗದಗ ಕಡೆಯ ಬೋರ್‌ವೆಲ್ ನೀರು ಗಡಸು. ಒಂದು ಸಲ ಬಟ್ಟಿ ಇಳಿಸಿದರೆ ಸಾಲದು.

ಆವಿಗೇರಿಸುವ ಜೋಡಣೆ

ಪೆರಿಸ್ಟಾಲ್ಟಿಕ್ ಪಂಪಿನಲ್ಲಿ ಮೂರು ದಾರಿ: ಮಾದರಿ, ಡಿ.ಡಿ.ಟಿ.ಸಿ., ಬೋರೋಹೈಡ್ರೈಡ್. ಡಿ.ಡಿ.ಟಿ.ಸಿ. ಎಂದರೆ ಸೋಡಿಯಂ ಡೈಈಥೈಲ್ ಡೈಥಯೋಕಾರ್ಬಮೇಟ್. ಇದು ಸೇರಿದರೆ ಹಾರುವ ಬಂಗಾರದ ಪಾಲು ಎದ್ದು ಕಾಣುವಷ್ಟು ಹೆಚ್ಚುತ್ತದೆ. ಆದರೆ ಆಮ್ಲದಲ್ಲಿ ಅದು ಕೂಡಲೇ ಒಡೆದು ಇಂಗಾಲದ ಡೈಸಲ್ಫೈಡ್ ಆಗಿಬಿಡುತ್ತದೆ. ಹೀಗಾಗಿ ಮಾದರಿ ಬಾಟಲಿಗೆ ಮೊದಲೇ ಹಾಕಿಡುವುದು ವ್ಯರ್ಥ. ಪಂಪಿನಲ್ಲಿ ಎರಡೇ ದಾರಿ ಇದ್ದರೆ ಡಿ.ಡಿ.ಟಿ.ಸಿ.ಯನ್ನು ಕ್ಷಾರೀಯ ಬೋರೋಹೈಡ್ರೈಡಿನಲ್ಲೇ ಕರಗಿಸಿ, ಅಲ್ಲಿ ಅದು ತಾಳುತ್ತದೆ.

ಶುರುವಿಗೆ ಈ ಅಳತೆ ಇಟ್ಟುಕೊಳ್ಳಿ. ಬೋರೋಹೈಡ್ರೈಡ್ 2 ಪ್ರತಿಶತ, 0.2 ಪ್ರತಿಶತ ಸೋಡಿಯಂ ಹೈಡ್ರಾಕ್ಸೈಡಿನಲ್ಲಿ. ಡಿ.ಡಿ.ಟಿ.ಸಿ. 0.05 ಪ್ರತಿಶತ. ಟ್ರೈಟಾನ್ ಎಕ್ಸ್-100 (ಸಾಬೂನಿನಂಥ ದ್ರವ) ಲೀಟರಿಗೆ 25 ಮಿ.ಗ್ರಾಂ ಮತ್ತು ನೊರೆ ತಡೆಯುವ ಸಿಲಿಕೋನ್ ದ್ರವ ಒಂದೆರಡು ಹನಿ. ಮಾದರಿಯ ಹರಿವು ನಿಮಿಷಕ್ಕೆ 3 ಮಿ.ಲೀ., ಉಳಿದವು 1–1.5 ಮಿ.ಲೀ.; ಆರ್ಗಾನ್ 150–250 ಮಿ.ಲೀ. ಒಂದೊಂದನ್ನೇ ಬದಲಿಸುತ್ತ ನಿಮ್ಮ ಯಂತ್ರದ ಉತ್ತಮ ಅಳತೆ ಹುಡುಕಿ. ಬೇರೆಯವರ ಅಂಕಿ ಬೇರೆಯವರ ಗಾಜಿಗೆ ಹೊಂದಿದ್ದು.

ಅಳತೆಗಿಂತ ಮುಖ್ಯ ನಳಿಗೆಯ ಉದ್ದ. ಆರ್ಸೆನಿಕ್‌ಗೆಂದು ಬಂದ ಮೀಟರುದ್ದದ ಸುರುಳಿಯನ್ನು ತೆಗೆದು, ಬೋರೋಹೈಡ್ರೈಡ್ ಕೂಡುವ ಜಾಗದಿಂದ ಅನಿಲ ಬೇರ್ಪಡಿಸುವ ಗಾಜಿನವರೆಗೆ ಒಂದು ಗೇಣಿಗಿಂತ ಹೆಚ್ಚಿಲ್ಲದಂತೆ ಮಾಡಿ. ಆರ್ಗಾನ್ ಅದೇ ಕೂಡುದಾರಿಯಲ್ಲಿ ಒಳಬರಲಿ, ಹುಟ್ಟಿದ ಕಣ ದ್ರವದಲ್ಲಿ ಕೂಡುವ ಮೊದಲೇ ಎತ್ತಿಕೊಂಡು ಹೋಗಲಿ. ಬೇರ್ಪಡಿಸುವ ಗಾಜು ಐದಾರು ಮಿ.ಲೀ. ಮೀರದ ಚಿಕ್ಕದಿರಲಿ. ಅಲ್ಲಿಂದ ಕ್ವಾರ್ಟ್ಜ್ ಕೊಳವೆಯವರೆಗೆ ಟೆಫ್ಲಾನ್ ನಳಿಗೆ, ಆದಷ್ಟು ಗಿಡ್ಡ, ಚೂಪು ತಿರುವಿಲ್ಲದೆ. ತೇವ ಹಿಡಿಯಲು ಇಟ್ಟ ಮೆಂಬ್ರೇನ್ ಅಥವಾ ಒಣಗಿಸುವ ಹರಳು ಇದ್ದರೆ ತೆಗೆದುಬಿಡಿ. ಆರ್ಸೀನ್ ದಾಟುವ ಆ ಬಾಗಿಲು ಬಂಗಾರದ ಕಣಕ್ಕೆ ಗೋಡೆ.

ಕ್ವಾರ್ಟ್ಜ್ ಕೊಳವೆ 900–950 ಡಿಗ್ರಿ, ದೀಪ 242.8 ನ್ಯಾನೊಮೀಟರ್, ಸೀಳು 0.7 ನ್ಯಾನೊಮೀಟರ್, ಡ್ಯೂಟೀರಿಯಂ ಹಿನ್ನೆಲೆ ತಿದ್ದುಪಡಿ ಕಡ್ಡಾಯ. ದೀಪಕ್ಕೆ ಅರ್ಧ ಗಂಟೆ ಕಾವು ಬೇಕು. ಕರೆಂಟ್ ಏರಿಳಿದರೆ ಕೊಳವೆಯ ಶಾಖ ಅಲುಗಾಡಿ ಅಂಕಿಯೂ ಅಲುಗುತ್ತದೆ. ಒಲೆ, ದೀಪ ಎರಡನ್ನೂ ಯು.ಪಿ.ಎಸ್. ಮೇಲಿಡಿ. ಏಪ್ರಿಲ್, ಮೇ ಬಿಸಿಲಿನಲ್ಲಿ ಬೋರೋಹೈಡ್ರೈಡ್ ಮಧ್ಯಾಹ್ನದೊಳಗೆ ಬಲ ಕಳೆದುಕೊಳ್ಳುತ್ತದೆ. ಐಸಿನಲ್ಲಿಟ್ಟು ಬಳಸಿ, ದಿನವೂ ಹೊಸದು ಮಾಡಿ.

ಇನ್ನೂ ಕೆಳಗಿನ ಮಟ್ಟಕ್ಕೆ ಇಳಿಯಬೇಕಾದರೆ ಅದೇ ಅನಿಲವನ್ನು ಇರಿಡಿಯಂ ಅಥವಾ ಪಲ್ಲಾಡಿಯಂ ಲೇಪಿಸಿದ ಗ್ರಾಫೈಟ್ ಕೊಳವೆಗೆ ಬಿಟ್ಟು, ಕೆಲವು ನೂರು ಡಿಗ್ರಿಯಲ್ಲಿ ಕೂಡಿಹಾಕಿ, ಒಮ್ಮೆಲೇ ಕಾಸಿ ಅಳೆಯಬಹುದು. ಪರಮಾಣು ಪ್ರತಿದೀಪ್ತಿ ಯಂತ್ರವಿದ್ದರೆ ಆರ್ಗಾನ್–ಜಲಜನಕದ ಪುಟ್ಟ ಜ್ವಾಲೆಯಲ್ಲೂ ಆಗುತ್ತದೆ.

ಅಳತೆಯ ದಿನ

ಸಾವಿರ ಮಿ.ಗ್ರಾಂ/ಲೀಟರ್ ಮೂಲ ದ್ರಾವಣದಿಂದ 10 ಮಿ.ಗ್ರಾಂ/ಲೀಟರಿನ ನಡು ದ್ರಾವಣವನ್ನು 10 ಪ್ರತಿಶತ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಮಾಡಿಡಿ. ಅದರಿಂದ ಅಂದಂದೇ, 5 ಪ್ರತಿಶತ ಅಕ್ವಾ ರೀಜಿಯಾದಲ್ಲಿ, ಮಿ.ಲೀ.ಗೆ 0, 50, 100, 200, 400 ನ್ಯಾನೊಗ್ರಾಂ ದ್ರಾವಣ ಮಾಡಿ. ನಿನ್ನೆಯ 50 ಇಂದು 50 ಆಗಿರುವುದಿಲ್ಲ, ಬಾಟಲಿಯ ಗೋಡೆ ತನ್ನ ಪಾಲು ತಿಂದಿರುತ್ತದೆ.

ಬೆಳಗಿನ ಮೊದಲ ಐದಾರು ಅಳತೆಗಳನ್ನು ನಂಬಬೇಡಿ. ತೊಳೆದ ಗಾಜು ಮೊದಲು ಬಂಗಾರವನ್ನು ತಾನೇ ಹೀರುತ್ತದೆ. 200ರ ದ್ರಾವಣವನ್ನು ಪದೇ ಪದೇ ಬಿಟ್ಟು, ಸತತ ಮೂರು ಓದು 5 ಪ್ರತಿಶತದೊಳಗೆ ಕೂಡಿದ ಮೇಲೆ ಶುರುಮಾಡಿ. ಒಂದು ಸಲಕ್ಕೆ 0.5 ಮಿ.ಲೀ. ಮಾದರಿ, ನಡುವೆ 5 ಪ್ರತಿಶತ ಅಕ್ವಾ ರೀಜಿಯಾ ಒಂದು ನಿಮಿಷ. ಪ್ರತಿ ಐದು ಮಾದರಿಗೆ ಒಂದು ಖಾಲಿ, ಒಂದು 100ರ ದ್ರಾವಣ ಇಡಿ. ಖಾಲಿ ಎಂದರೆ ಮಣ್ಣು ಹಾಕದೆ, ಹುರಿಯುವುದರಿಂದ ಸ್ಪಂಜು ಸುಡುವವರೆಗೆ ಎಲ್ಲ ಹಂತ ದಾಟಿ ಬಂದ ದ್ರಾವಣ. ಅಂಥ ಹತ್ತು ಖಾಲಿಗಳ ಪ್ರಮಾಣಿತ ವಿಚಲನೆಯ ಮೂರು ಪಟ್ಟು ನಿಮ್ಮ ಪತ್ತೆಯ ಮಿತಿ. ಅದಕ್ಕಿಂತ ಕೆಳಗಿನದನ್ನು ವರದಿಯಲ್ಲಿ ಅಂಕಿಯಾಗಿ ಬರೆಯಬೇಡಿ, "ಮಿತಿಗಿಂತ ಕಡಿಮೆ" ಎಂದು ಬರೆಯಿರಿ.

ಲೆಕ್ಕ ಸರಳ. ಓದು ಮಿ.ಲೀ.ಗೆ 100 ನ್ಯಾನೊಗ್ರಾಂ ಬಂದರೆ 5 ಮಿ.ಲೀ.ಯಲ್ಲಿ 500, ಹತ್ತು ಗ್ರಾಂ ಮಣ್ಣಿಗೆ ಹಂಚಿದರೆ ಗ್ರಾಂಗೆ 50 ನ್ಯಾನೊಗ್ರಾಂ, ಅಂದರೆ ಟನ್ನಿಗೆ 0.05 ಗ್ರಾಂ.

ಕರಗಿಸುವ ಮೊದಲು ಗೊತ್ತಿದ್ದಷ್ಟು ಬಂಗಾರದ ದ್ರಾವಣ ಸೇರಿಸಿ, ಕೊನೆಗೆ ಎಷ್ಟು ಮರಳಿತು ನೋಡಿ. 90ರಿಂದ 110 ಪ್ರತಿಶತ ಬರಬೇಕು. ಆದರೆ ಹೊರಗಿನಿಂದ ಹಾಕಿದ ಬಂಗಾರ ಮೊದಲೇ ಕರಗಿದ್ದು, ಕಲ್ಲಿನೊಳಗಿನದು ಹೊರಬಂತೋ ಇಲ್ಲವೋ ಅದು ಹೇಳುವುದಿಲ್ಲ. ಅದಕ್ಕೆ ಪ್ರಮಾಣಿತ ಅದಿರಿನ (ಬಂಗಾರ ಎಷ್ಟಿದೆ ಎಂದು ಮೊದಲೇ ಗೊತ್ತಿರುವ) ಮಾದರಿಯನ್ನು, ಒಟ್ಟಿಗೆ ಪರೀಕ್ಷಿಸುವ ಮಾದರಿಗಳ ಪ್ರತಿ ತಂಡದ ಜೊತೆ ಓಡಿಸಲೇಬೇಕು.

ಕೆಟ್ಟಾಗ ಎಲ್ಲಿ ನೋಡಬೇಕು

ಓದು ಗಂಟೆಗಂಟೆಗೆ ಇಳಿಯುತ್ತಿದ್ದರೆ ಕೂಡುದಾರಿ ಮತ್ತು ಬೇರ್ಪಡಿಸುವ ಗಾಜನ್ನು ಬೆಳಕಿಗೆ ಹಿಡಿಯಿರಿ; ಕಪ್ಪು ಅಥವಾ ನೇರಳೆ ಛಾಯೆ ಕಂಡರೆ ಅದು ಕೂತ ಬಂಗಾರ. ಒಮ್ಮೆ ಕೂತ ಬಂಗಾರದ ಮೇಲೆ ಮತ್ತಷ್ಟು ಬೇಗ ಕೂರುತ್ತದೆ. ಪಂಪು ನಿಲ್ಲಿಸಿ, ಬೋರೋಹೈಡ್ರೈಡ್ ದಾರಿಯನ್ನು ಮೊದಲು ನೀರಿನಿಂದ ಪೂರ್ತಿ ತೊಳೆದ ಮೇಲೆಯೇ ಗಾಜಿನ ಭಾಗ ಬಿಚ್ಚಿ ಅಕ್ವಾ ರೀಜಿಯಾದಲ್ಲಿ ಅದ್ದಿ. ಕ್ಷಾರೀಯ ಬೋರೋಹೈಡ್ರೈಡ್ ಉಳಿದಿರುವಾಗ ಗಾಢ ಆಮ್ಲ ಬಿದ್ದರೆ ಜಲಜನಕ ಒಮ್ಮೆಲೇ ಚಿಮ್ಮುತ್ತದೆ. ಪಂಪಿನ ನಳಿಗೆಯನ್ನು ತೊಳೆಯುವುದಕ್ಕಿಂತ ಬದಲಿಸುವುದು ಲೇಸು.

ದೊಡ್ಡ ಮಾದರಿಯ ನಂತರ ಖಾಲಿಯೂ ಓದು ಕೊಟ್ಟರೆ ಹಿಂದಿನದರ ಉಳಿಕೆ. 1 ಪ್ರತಿಶತ ಥಯೋಯೂರಿಯಾವನ್ನು ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಎರಡು ನಿಮಿಷ ಬಿಟ್ಟು, ಆಮೇಲೆ ಮಾಮೂಲಿ ಆಮ್ಲದಲ್ಲಿ ಚೆನ್ನಾಗಿ ತೊಳೆಯಿರಿ. ಥಯೋಯೂರಿಯಾ ಉಳಿದರೆ ಅದು ಬಂಗಾರವನ್ನು ಬಿಗಿಹಿಡಿದು ಮುಂದಿನ ಓದನ್ನು ತಗ್ಗಿಸುತ್ತದೆ. ಖಾಲಿ ಎಲ್ಲ ತಂಡದಲ್ಲೂ ಒಂದೇ ಸಮ ಹೆಚ್ಚಿದ್ದರೆ ಯಂತ್ರವನ್ನು ಬಿಟ್ಟು ಬಟ್ಟಲು, ಸ್ಪಂಜು, ಆಮ್ಲದ ಬಾಟಲಿ, ಕೈ ಬೆರಳು ನೋಡಿ.

ಯಂತ್ರ ಬರೆಯುವ ಗೆರೆಯ ಶಿಖರ ಎರಡಾಗಿ ಸೀಳಿದರೆ ಅಥವಾ ಓದು ಗರಗಸದಂತೆ ಕುಣಿದರೆ ನೊರೆ ಮೇಲೇರಿ ಹನಿ ಕೊಳವೆಗೆ ಹೋಗುತ್ತಿದೆ. ನೊರೆ ತಡೆಯುವ ದ್ರವ ಒಂದು ಹನಿ ಹೆಚ್ಚಿಸಿ, ಆರ್ಗಾನ್ ತಗ್ಗಿಸಿ, ತ್ಯಾಜ್ಯ ಹೊರಹೋಗುವ ಪಂಪು ಬಿಗಿಯಾಗಿದೆಯೇ ನೋಡಿ. ಆ ಹನಿಯಲ್ಲಿನ ಸೋಡಿಯಂ ಕಾದ ಕ್ವಾರ್ಟ್ಜನ್ನು ಹಾಲುಬಿಳುಪಾಗಿಸುತ್ತದೆ. ಬಿಳುಪಾದ ಕೊಳವೆ ಬೇಗ ಬಿರುಕು ಬಿಡುತ್ತದೆ.

ಪ್ರಮಾಣಿತ ದ್ರಾವಣ ಸರಿಯಾಗಿ ಓದಿ ಮಾದರಿ ಮಾತ್ರ ಕಡಿಮೆ ಬಂದರೆ, ಅದೇ ಮಾದರಿಗೆ ಮಿ.ಲೀ.ಗೆ 100 ನ್ಯಾನೊಗ್ರಾಂ ಕೂಡಿಸಿ ಓದಿ. ಓದು 100ರಷ್ಟು ಏರದಿದ್ದರೆ ಕಬ್ಬಿಣ ಅಥವಾ ತಾಮ್ರ ಸ್ಪಂಜಿನ ಜೊತೆ ಬಂದಿದೆ. ಮಾದರಿಯನ್ನು ತೆಳುಮಾಡಿ ಓದುವುದು ಒಂದು ದಾರಿ, ಆದರೆ ಬಂಗಾರವೂ ತೆಳುವಾಗುತ್ತದೆ. ಇನ್ನೊಂದು ಹತ್ತು ಗ್ರಾಂ ತೂಗಿ, ಸ್ಪಂಜನ್ನು ಮೂರು ಸಲ ಹೆಚ್ಚು ಹಿಂಡಿ ಮತ್ತೆ ಮಾಡುವುದೇ ಸರಿ. ಏರಿಕೆ ಸರಿಯಾಗಿದ್ದೂ ಎರಡು ತೂಕದ ಅಂಕಿ ಒಂದಕ್ಕೊಂದು ಹೊಂದದಿದ್ದರೆ ಯಂತ್ರದ ತಪ್ಪಲ್ಲ, ಮಣ್ಣಿನಲ್ಲಿ ದಪ್ಪ ಕಣವಿದೆ. 30 ಗ್ರಾಂ ತೂಗಿ ಮೂರು ಸಲ ಮಾಡಿ, ಸರಾಸರಿಯ ಜೊತೆ ಮೂರೂ ಅಂಕಿಗಳನ್ನು ವರದಿಯಲ್ಲಿ ಕೊಡಿ.